ನಿಂತ ಶಾಲಾ ಬಸ್ಸಿಗೆ ಎಲ್ಲರೂ ನಿಲ್ಲಬೇಕು, ನಾನೊಬ್ಬನೇ ಅಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಮುಧೋಳದಿಂದ ಲೋಕಾಪುರಕ್ಕೆ ಹೋಗುವ ರಸ್ತೆಯಲ್ಲಿ, ನಮ್ಮೂರ ಕ್ರಾಸಿನಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡವನು. ಇಪ್ಪತ್ತೆರಡು ವರ್ಷ ಆಯ್ತು. ಬರೆಯುವುದು ಅಂದರೆ ನನಗೆ ಉದ್ರಿ ವಹಿಯಲ್ಲಿ ಹೆಸರು ಬರೆಯುವುದು, ಅಷ್ಟೇ. ಪೇಪರಿಗೆ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೊಳ್ಳಿ, ಉದ್ದ ಆಯ್ತು ಅಂತ ಮಾತ್ರ ಕತ್ತರಿಸಬೇಡಿ.

ವಿಷಯ ಸಣ್ಣದು. ಶಾಲಾ ಬಸ್ಸು ನಿಂತು ಮಕ್ಕಳು ಇಳಿಯುವಾಗ ಹಿಂದಿನ ಗಾಡಿಯೂ ನಿಲ್ಲಬೇಕು, ಎದುರಿಗೆ ಬರುವ ಗಾಡಿಯೂ ನಿಲ್ಲಬೇಕು. ಬೈಕು, ಕಾರು, ಕ್ರೂಸರ್, ಟಂಟಂ, ಕೆಂಪು ಬಸ್ಸು, ಕಬ್ಬಿನ ಟ್ರ್ಯಾಕ್ಟರ್, ಎಲ್ಲವೂ. ಇದನ್ನು ಜನರ ಒಳ್ಳೆಯತನಕ್ಕೆ ಬಿಡಬಾರದು, ಕಾಯ್ದೆ ಮಾಡಬೇಕು. ಒಳ್ಳೆಯತನಕ್ಕೆ ಯಾಕೆ ಬಿಡಬಾರದು ಅನ್ನುವುದನ್ನು ನಾನು ಸ್ವಂತ ಪೆಟ್ಟು ತಿಂದು ಕಲಿತಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನಮ್ಮ ಕ್ರಾಸು ಹೇಗಿದೆ ಅಂತ ತಿಳಿಯಬೇಕು. ಊರು ರಸ್ತೆಯ ಒಂದು ಮಗ್ಗುಲಿಗಿದೆ. ನನ್ನ ಅಂಗಡಿ, ಪಕ್ಕದ ಚಹಾದಂಗಡಿ, ಒಂದು ಬೇವಿನ ಗಿಡ ಇನ್ನೊಂದು ಮಗ್ಗುಲಿಗೆ. ಬೆಳಿಗ್ಗೆ ಏನೂ ತೊಂದರೆ ಇಲ್ಲ. ಮುಧೋಳದ ಕಡೆ ಹೋಗುವ ಬಸ್ಸು ಊರಿನ ಮಗ್ಗುಲಿಗೇ ನಿಲ್ಲುತ್ತದೆ, ಮಕ್ಕಳು ಹತ್ತಿಕೊಂಡು ಹೋಗುತ್ತವೆ. ಸಂಜೆ ನಾಲ್ಕೂವರೆಗೆ ಅದೇ ಬಸ್ಸು ಮುಧೋಳದಿಂದ ವಾಪಸ್ ಬಂದು ನನ್ನ ಅಂಗಡಿಯ ಮಗ್ಗುಲಿಗೆ ನಿಲ್ಲುತ್ತದೆ. ಹದಿನಾಲ್ಕು ಮಕ್ಕಳು ನನ್ನ ಕಣ್ಣೆದುರು ಇಳಿಯುತ್ತವೆ. ಹದಿನಾಲ್ಕೂ ಮಕ್ಕಳು ರಸ್ತೆ ದಾಟಿ ಊರೊಳಗೆ ಹೋಗಬೇಕು.

ಇಳಿದ ಮಗು ಏನು ಮಾಡುತ್ತದೆ? ಬಸ್ಸಿನ ಮೂತಿಯ ಮುಂದಿನಿಂದ ಹಾಯ್ದು ಹೋಗುತ್ತದೆ. ಸಣ್ಣ ಕ್ಲಾಸಿನ ಮಗು ನಾಲ್ಕಡಿ ಎತ್ತರ ಇದ್ದರೆ ಜಾಸ್ತಿ. ಬಸ್ಸನ್ನು ಹಿಂದೆ ಹಾಕಿ ಬರುವ ಬೈಕಿನವನಿಗೆ ಆ ಮಗು ಕಾಣುವುದಿಲ್ಲ. ಮಗುವಿಗೆ ಅವನು ಕಾಣುವುದಿಲ್ಲ. ಮೂತಿಗೆ ಅಂಟಿಕೊಂಡೇ ಹೋದರೆ ಮೇಲೆ ಕೂತ ಬಸ್ಸಿನ ಡ್ರೈವರಿಗೂ ಅದರ ತಲೆ ಕಾಣುವುದು ಕಷ್ಟ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುವ ಬೈಕು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಬರುತ್ತದೆ. ಅಂದರೆ ಬಸ್ಸಿನ ಬಾಲದಿಂದ ಮೂತಿ ಮುಟ್ಟಲು ಒಂದು ಸೆಕೆಂಡೂ ಹಿಡಿಯುವುದಿಲ್ಲ. ಅಷ್ಟರಲ್ಲಿ ಯಾರು ಯಾರನ್ನು ನೋಡಬೇಕು, ಯಾವಾಗ ಬ್ರೇಕ್ ಹಾಕಬೇಕು? ನಮ್ಮ ಮುಧೋಳದ ನಾಯಿ ಓಟಕ್ಕೆ ದೇಶದಲ್ಲೆಲ್ಲ ಹೆಸರು, ಅದನ್ನು ಮೀರಿಸುತ್ತೇವೆ ಅಂತ ಹಟ ತೊಟ್ಟವರ ಹಾಗೆ ನಮ್ಮ ಹುಡುಗರು ಬೈಕು ಓಡಿಸುತ್ತಾರೆ.

ಮೊನ್ನೆ ಕಬ್ಬಿನ ಹಂಗಾಮು ಶುರುವಾದ ಹೊಸತರಲ್ಲಿ ಒಂದು ಸಂಜೆ. ನನ್ನ ಮೊಮ್ಮಗಳು ಎರಡನೇ ಕ್ಲಾಸು. ಬಸ್ಸಿನಿಂದ ಇಳಿದಳು, ನನಗೆ ಕೈ ಮಾಡಿದಳು. ನಾನು ಒಂದು ಟಂಟಂ ಗಾಲಿ ಬಿಚ್ಚುತ್ತಾ ಕೂತಿದ್ದೆ, ‘ನಿಲ್ಲವ್ವಾ, ಬಂದ್ನಿ’ ಅಂದೆ. ನಿಲ್ಲಲಿಲ್ಲ. ಯಾಕೆ ನಿಲ್ಲುತ್ತಾಳೆ, ಅವಳ ಗೆಳತಿ ಆಗಲೇ ಆಚೆ ದಾಟಿ ನಿಂತು ಕರೆಯುತ್ತಿದ್ದಳು. ಬಸ್ಸಿನ ಮುಂದಿನಿಂದ ಎರಡು ಹೆಜ್ಜೆ ಹೊರಗೆ ಬಂದಳು, ಅಷ್ಟರಲ್ಲಿ ಹಿಂದಿನಿಂದ ಬೈಕು. ಅವಳಿಗೆ ತಾಗಲಿಲ್ಲ. ಕೈಯಲ್ಲಿ ತೂಗಾಡುತ್ತಿದ್ದ ನೀರಿನ ಬಾಟಲಿಗೆ ತಾಗಿತು. ಬಾಟಲಿ ಹಾರಿ ರಸ್ತೆಯಲ್ಲಿ ಬಿತ್ತು, ಎದುರಿನಿಂದ ಬಂದ ಕಬ್ಬಿನ ಟ್ರ್ಯಾಕ್ಟರಿನ ಗಾಲಿ ಅದರ ಮೇಲೆ ಹಾಯಿತು. ಮೊಮ್ಮಗಳು ಅಲ್ಲೇ ನಿಂತಿದ್ದಳು, ಅಳಲೂ ಇಲ್ಲ. ಮನೆಗೆ ಹೋದ ಮೇಲೆ ಬಾಟಲಿ ಹೋಯ್ತು ಅಂತ ಅತ್ತಳು.

ಬೈಕಿನವನು ಸ್ವಲ್ಪ ಮುಂದೆ ಹೋಗಿ ನಿಂತು ತಿರುಗಿ ನೋಡಿದ. ‘ಹುಡುಗೂರ್ನ ಹಿಡ್ಕೊಳ್ಳಾಕ ಬರೂದಿಲ್ಲೇನ್ರಿ?’ ಅಂದ. ಹೋದ. ಆ ಬಾಟಲಿ ಈಗಲೂ ನನ್ನ ಅಂಗಡಿಯಲ್ಲಿದೆ, ಕಟಕ ರೊಟ್ಟಿಯ ಹಾಗೆ ಚಪ್ಪಟೆಯಾಗಿದೆ. ಟ್ಯೂಬುಗಳ ಪಕ್ಕ ಮೊಳೆಗೆ ತೂಗುಹಾಕಿದ್ದೇನೆ.

ಅವನ ಮಾತಿಗೆ ಬಂದ ಸಿಟ್ಟು ರಾತ್ರಿ ಮಲಗುವ ತನಕ ಇತ್ತು. ಆಮೇಲೆ ಇಳಿಯಿತು, ಯಾಕಂದರೆ ನಾನೂ ಅವನ ಹಾಗೇ ಗಾಡಿ ಹೊಡೆದವನು. ಟ್ಯೂಬು, ಸೊಲ್ಯೂಷನ್ ತರಲಿಕ್ಕೆ ಇಷ್ಟು ವರ್ಷದಲ್ಲಿ ಮುಧೋಳಕ್ಕೆ ಎಷ್ಟು ಸಲ ಹೋಗಿಲ್ಲ, ಎಷ್ಟು ಶಾಲಾ ಬಸ್ಸು ದಾಟಿಲ್ಲ! ಮುಂದೆ ಬಸ್ಸು ನಿಂತಿತು ಅಂದರೆ ನಮಗೆ ಅದು ಖುಷಿ. ಇಷ್ಟು ಹೊತ್ತು ಅದರ ಹೊಗೆ ಕುಡಿಯುತ್ತಾ ಬಂದಿರುತ್ತೇವೆ, ಈಗ ಸಂದು ಸಿಕ್ಕಿತು ಅಂತ ಕೈ ತಾನೇ ಎಕ್ಸಿಲೇಟರ್ ತಿರುವುತ್ತದೆ. ಅಂದರೆ ಮಕ್ಕಳು ಇಳಿಯುವ ಹೊತ್ತಿಗೇ ಸರಿಯಾಗಿ ನಾವು ವೇಗ ಜಾಸ್ತಿ ಮಾಡುತ್ತೇವೆ. ಇದನ್ನು ನಾನು ಅವತ್ತಿನ ತನಕ ಯೋಚನೆಯೇ ಮಾಡಿರಲಿಲ್ಲ.

ಇನ್ನು ಮುಂದೆ ನಾನಾದರೂ ನಿಲ್ಲುತ್ತೇನೆ ಅಂತ ನಿರ್ಧಾರ ಮಾಡಿದೆ. ಒಂದು ವಾರದ ಮೇಲೆ ಮುಧೋಳದಿಂದ ಬರುವಾಗ ಒಂದು ಹಳದಿ ಬಸ್ಸು ಮುಂದೆ ನಿಂತಿತು. ನಾನೂ ಅದರ ಹಿಂದೆ ಬಲಕ್ಕೆ, ರಸ್ತೆ ನಡುವೆಯೇ ನಿಂತೆ. ಹಿಂದಿನವರು ಹಾರ್ನ್ ಹೊಡೆದರು. ಒಬ್ಬ ಬೈದ. ಅದು ಇರಲಿ. ಬಸ್ಸಿನಿಂದ ಇಳಿದ ಒಬ್ಬ ಹುಡುಗ ಮೂತಿಯಿಂದ ಇಣುಕಿ ನೋಡಿದ, ನಾನು ನಿಂತದ್ದು ಕಂಡಿತು, ನಾನು ಕೈ ಸನ್ನೆ ಮಾಡಿ ‘ಬಾ’ ಅಂದೆ. ಅವನು ಧೈರ್ಯವಾಗಿ ಹೊರಟ. ಅದೇ ಹೊತ್ತಿಗೆ ನನ್ನ ಬಲಕ್ಕೆ, ಇನ್ನೂ ಹೊರಗಿನಿಂದ, ಒಂದು ಕಾರು ಬಂತು. ನಾನು ಕಿರುಚಿದೆ. ಹುಡುಗ ಹಿಂದಕ್ಕೆ ಹಾರಿದ. ಕಾರು ಹೋಯ್ತು.

ಸಂಪಾದಕರೇ, ಇದನ್ನು ಸ್ವಲ್ಪ ಗಮನ ಕೊಟ್ಟು ನೋಡಿ. ನಾನು ನಿಲ್ಲದೇ ಹೋಗಿದ್ದರೆ ಆ ಹುಡುಗ ಅಂಜಿಕೊಂಡು ಬಸ್ಸಿನ ಪಕ್ಕದಲ್ಲೇ ನಿಂತಿರುತ್ತಿದ್ದ. ನಾನು ನಿಂತದ್ದಕ್ಕೇ ನಂಬಿ ಹೊರಗೆ ಬಂದ. ನನ್ನ ಒಳ್ಳೆಯತನವೇ ಅವನ ಜೀವಕ್ಕೆ ಮುಳುವಾಗುತ್ತಿತ್ತು. ಒಬ್ಬ ನಿಂತು ಇನ್ನೊಬ್ಬ ನಿಲ್ಲದಿದ್ದರೆ ಯಾರೂ ನಿಲ್ಲದ್ದಕ್ಕಿಂತ ಅಪಾಯ. ದೊಡ್ಡವರಾದರೆ ನಿಂತ ಗಾಡಿಯ ಆಚೆಗೂ ಕತ್ತು ಚಾಚಿ ನೋಡುತ್ತಾರೆ, ಮಕ್ಕಳಿಗೆ ಅದು ಹೊಳೆಯುವುದಿಲ್ಲ. ಬರುವ ಗಾಡಿ ಎಷ್ಟು ಜೋರಾಗಿದೆ ಅನ್ನುವ ಅಂದಾಜೂ ಸಣ್ಣ ಮಕ್ಕಳಿಗೆ ಸಿಗುವುದಿಲ್ಲ. ಅದಕ್ಕೇ ನಾನು ಹೇಳುವುದು: ಜಾಗೃತಿ ಮೂಡಿಸೋಣ, ಮನವಿ ಮಾಡಿಕೊಳ್ಳೋಣ, ಬ್ಯಾನರ್ ಕಟ್ಟೋಣ ಅಂದರೆ ಆಗುವುದಿಲ್ಲ. ಅದರಿಂದ ಹತ್ತರಲ್ಲಿ ಮೂವರು ನಿಲ್ಲುತ್ತಾರೆ. ಉಳಿದ ಏಳು ಜನ ಆ ಮೂವರನ್ನೂ ದಾಟಿ ಹೋಗುತ್ತಾರೆ. ಕಾಯ್ದೆ ಬೇಕು, ದಂಡ ಬೇಕು.

ನಮ್ಮ ಜನಕ್ಕೆ ನಿಲ್ಲಲು ಬರುವುದಿಲ್ಲ ಅಂತ ಮಾತ್ರ ಹೇಳಬೇಡಿ. ಕುರಿ ಹಿಂಡು ಅಡ್ಡ ಬಂದರೆ ಎಲ್ಲರೂ ನಿಲ್ಲುತ್ತೇವೆ, ಕೊನೆಯ ಮರಿ ದಾಟುವ ತನಕ. ಕುರುಬಣ್ಣ ಕೋಲು ಅಡ್ಡ ಹಿಡಿದರೆ ಸಾಕು, ಲಾರಿಯೂ ನಿಲ್ಲುತ್ತದೆ. ಹೆಣ ಹೋಗುವಾಗ ಗಾಡಿ ಬಂದ್ ಮಾಡಿ ಕೈ ಮುಗಿಯುತ್ತೇವೆ. ಯುಗಾದಿ ಮುಂದೆ ಶ್ರೀಶೈಲಕ್ಕೆ ನಡೆದು ಹೊರಟವರು ಬಂದರೆ ಬದಿಗೆ ಸರಿದು ದಾರಿ ಬಿಡುತ್ತೇವೆ, ನಿಲ್ಲಿಸಿ ನೀರು ಮಜ್ಜಿಗೆ ಕೊಡುತ್ತೇವೆ. 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಕೊಡಿ ಅಂತ ಕಬ್ಬು ಬೆಳೆಗಾರರು ಗುರ್ಲಾಪುರ ಕ್ರಾಸಿನಲ್ಲಿ ಕೂತಾಗ ದಿನಗಟ್ಟಲೆ ರಸ್ತೆ ನಿಂತಿತು, ನಾವೂ ನಿಂತೆವು. ಹೋರಾಟ ನ್ಯಾಯದ್ದು, ನಾನೇನೂ ಅದನ್ನು ಆಡಿಕೊಳ್ಳುತ್ತಿಲ್ಲ. ಬೆಳೆಗೆ ದಿನಗಟ್ಟಲೆ ನಿಂತವರು ಮಕ್ಕಳಿಗೆ ಮುಕ್ಕಾಲು ನಿಮಿಷ ನಿಲ್ಲಲು ಆಗುವುದಿಲ್ಲವೇ ಅಂತ ಕೇಳುತ್ತಿದ್ದೇನೆ. ನಮ್ಮ ಕ್ರಾಸಿನಲ್ಲಿ ಬಸ್ಸು ನಿಲ್ಲುವುದು ಅಷ್ಟೇ ಹೊತ್ತು. ನಾನು ಮೊಬೈಲಿನಲ್ಲಿ ಟೈಮ್ ಹಚ್ಚಿ ನೋಡಿದ್ದೇನೆ.

ಈಗ ಕಾಯ್ದೆ ಏನು ಹೇಳುತ್ತದೆ ಅಂತ ಕೇಳೋಣ. ನನ್ನ ಅಂಗಡಿಗೆ ಗಾಳಿ ಹಾಕಿಸಲು ಬರುವ ಒಬ್ಬ ಪೊಲೀಸ್ ತಮ್ಮನನ್ನು ಕೇಳಿದೆ. ಅವನು ಚಹಾ ಕುಡಿಯುತ್ತಾ, ‘ಕಾಕಾ, ನಿಂತ ಗಾಡಿ ದಾಟಿ ಹೋಗೂದು ತಪ್ಪಂತ ಯಾವ ಕಲಂ ಹಚ್ಚಲಿ? ಜೋರ್ ಹೊಂಟಿದ್ರ ಹಿಡೀಬಹುದು, ಸುಮ್ನ ಹೊಂಟಾವ್ನ ಹ್ಯಾಂಗ್ ಹಿಡೀಲಿ?’ ಅಂದ. ಅವನು ಹೇಳಿದ್ದು ಖರೆ. ನಮ್ಮ ಮೋಟಾರು ವಾಹನ ಕಾಯ್ದೆ 1988ರದ್ದು, 2019ರಲ್ಲಿ ತಿದ್ದುಪಡಿ ಮಾಡಿ ದಂಡ ಏರಿಸಿದರು. ಅದರ 184ನೇ ಕಲಂ ಅಪಾಯಕಾರಿ ಚಾಲನೆಗೆ. ಕೆಂಪು ದೀಪ ದಾಟುವುದು, ಗಾಡಿ ಓಡಿಸುತ್ತಾ ಮೊಬೈಲ್ ಹಿಡಿಯುವುದು, ನಿಯಮ ಮೀರಿ ಓವರ್‌ಟೇಕ್ ಮಾಡುವುದು ಎಲ್ಲ ಅದರಲ್ಲಿ ಬರುತ್ತದೆ. ಮೊದಲ ಸಲ ಸಿಕ್ಕರೆ 1,000ದಿಂದ 5,000 ರೂಪಾಯಿ ತನಕ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷ ಜೈಲು, ಎರಡೂ ಆಗಬಹುದು. ಕಲಂ ಗಟ್ಟಿ ಇದೆ. ಆದರೆ ‘ಶಾಲಾ ಬಸ್ಸು ನಿಂತು ಮಕ್ಕಳು ಇಳಿಯುತ್ತಿದ್ದರೆ ಎರಡೂ ದಿಕ್ಕಿನ ಗಾಡಿಗಳು ನಿಲ್ಲಲೇಬೇಕು’ ಅನ್ನುವ ಒಂದು ಸಾಲು ಆ ಕಾಯ್ದೆಯಲ್ಲಿಲ್ಲ. ಆ ಸಾಲು ಇಲ್ಲದಿದ್ದರೆ ಪೊಲೀಸ್ ಏನು ಮಾಡಿಯಾನು? ಮಗುವಿಗೆ ತಾಗಿದ ಮೇಲೆ ಕೇಸು ಹಾಕಬಹುದು.

ಶಾಲಾ ಬಸ್ಸಿಗೆ ನಿಯಮವೇ ಇಲ್ಲ ಅಂತಲ್ಲ. 1997ರ ನವೆಂಬರಿನಲ್ಲಿ ದಿಲ್ಲಿಯಲ್ಲಿ ವಜೀರಾಬಾದ್ ಸೇತುವೆಯಿಂದ ಶಾಲಾ ಬಸ್ಸೊಂದು ಯಮುನೆಗೆ ಬಿದ್ದು 28 ಮಕ್ಕಳು ಸತ್ತರು. ಆಮೇಲೆ ಸುಪ್ರೀಂ ಕೋರ್ಟು ಗಟ್ಟಿಯಾಗಿ ಹೇಳಿತು. ಈಗ ಬಸ್ಸಿನ ವೇಗ 40 ಕಿ.ಮೀ. ಮೀರದಂತೆ ತಡೆಯುವ ಗವರ್ನರ್ ಅನ್ನುವ ಸಾಧನ ಇರಬೇಕು, ಕಿಟಕಿಗೆ ಅಡ್ಡ ಸರಳು ಇರಬೇಕು, ಬೆಂಕಿ ಆರಿಸುವ ಸಿಲಿಂಡರ್, ಔಷಧಿ ಡಬ್ಬಿ ಇರಬೇಕು, ಮಕ್ಕಳ ಜೊತೆ ಒಬ್ಬರು ಇರಬೇಕು. ಒಳ್ಳೆಯದೇ. ಆದರೆ ನೋಡಿ, ಇವೆಲ್ಲ ಮಗು ಬಸ್ಸಿನೊಳಗೆ ಇರುವ ತನಕ. ಇಳಿದ ಮೇಲಿನ ಹತ್ತು ಹೆಜ್ಜೆಗೆ ಗವರ್ನರೂ ಇಲ್ಲ, ಸರಳೂ ಇಲ್ಲ. ನಿಯಮ ಎಲ್ಲ ಬಸ್ಸಿನವರಿಗೆ, ದಾಟಿ ಹೋಗುವ ನಮಗೆ ಏನೂ ಇಲ್ಲ.

ಬೇರೆ ಕಡೆ ಹೇಗಿದೆ ಅಂತ ನನಗೆ ಗೊತ್ತಾದದ್ದು ನಮ್ಮ ಅಕ್ಕನ ಮಗನಿಂದ. ಅವನು ಅಮೆರಿಕಾದ ಟೆಕ್ಸಾಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಇದ್ದಾನೆ. ಬಾಟಲಿಯ ಕಥೆ ಫೋನಿನಲ್ಲಿ ಹೇಳಿದಾಗ ನಗುತ್ತಾ ತನ್ನದೊಂದು ಹೇಳಿದ. ಹೋದ ಹೊಸತರಲ್ಲಿ ಅವನು ಕಾರಿನಲ್ಲಿ ಹೋಗುವಾಗ ಎದುರು ದಿಕ್ಕಿನಲ್ಲಿ ಒಂದು ಶಾಲಾ ಬಸ್ಸು ನಿಂತಿತ್ತಂತೆ. ಕೆಂಪು ದೀಪ ಮಿಣುಕುತ್ತಿತ್ತು. ‘ಅದು ಆ ಕಡೆ ನಿಂತದ, ನಂದೇನು’ ಅಂತ ನಮ್ಮ ಊರಿನ ಬುದ್ಧಿಯಲ್ಲೇ ಮುಂದೆ ಹೋದ. ಪೊಲೀಸ್ ಹಿಡಿದ. ಅಲ್ಲಿ ಇದಕ್ಕೆ ದಂಡ ಕಡಿಮೆ ಅಂದರೂ 500 ಡಾಲರ್, ಜಾಸ್ತಿ ಅಂದರೆ 1,250. ನಮ್ಮ ಲೆಕ್ಕದಲ್ಲಿ ನಲವತ್ತು ಸಾವಿರದ ಮೇಲೆಯೇ ಆಯ್ತು. ಐದು ವರ್ಷದೊಳಗೆ ಇನ್ನೊಮ್ಮೆ ಸಿಕ್ಕರೆ ದಂಡ ಡಬಲ್ ಆಗಬಹುದು, ಲೈಸೆನ್ಸನ್ನೂ ತಡೆಹಿಡಿಯಬಹುದು. ‘ಮಾಮಾ, ಅವತ್ತಿಂದ ಹಳದಿ ಬಣ್ಣದ ತಗಡು ಕಂಡ್ರೂ ಕಾಲು ಬ್ರೇಕ್ ಮ್ಯಾಲ ಹೋಗ್ತದ’ ಅಂದ.

ಅಲ್ಲಿ ಪದ್ಧತಿ ಹೀಗಿದೆ. ಬಸ್ಸು ನಿಲ್ಲುವ ಮುಂಚೆ ಹಳದಿ ದೀಪ ಮಿಣುಕುತ್ತದೆ, ಅಂದರೆ ನಿಲ್ಲಲು ತಯಾರಾಗಿ. ನಿಂತು ಬಾಗಿಲು ತೆರೆದಾಗ ಕೆಂಪು ದೀಪ, ಜೊತೆಗೆ ಡ್ರೈವರ್ ಮಗ್ಗುಲಿನಿಂದ ಕೈ ಚಾಚಿದ ಹಾಗೆ ಒಂದು ಎಂಟು ಮೂಲೆಯ ಕೆಂಪು ‘ಸ್ಟಾಪ್’ ಫಲಕ ಹೊರಗೆ ಬರುತ್ತದೆ. ಅದು ಒಳಗೆ ಹೋಗುವ ತನಕ ಹಿಂದಿನವರು ನಿಲ್ಲಬೇಕು, ಎದುರಿನವರೂ ನಿಲ್ಲಬೇಕು. ನಡುವೆ ಡಿವೈಡರ್ ಕಟ್ಟಿದ ದೊಡ್ಡ ರಸ್ತೆ ಇದ್ದರೆ ಟೆಕ್ಸಾಸಿನಲ್ಲಿ ಎದುರಿನವರಿಗೆ ರಿಯಾಯಿತಿ ಇದೆ, ಬರೀ ಬಿಳಿ ಹಳದಿ ಗೆರೆ ಎಳೆದಿದ್ದರೆ ಇಲ್ಲ. 50 ರಾಜ್ಯಗಳಲ್ಲೂ ಹಾಗೆ ನಿಂತ ಬಸ್ಸು ದಾಟುವುದು ಅಪರಾಧ. ಕೆನಡಾದ ಒಂಟಾರಿಯೊದಲ್ಲಿ ಹಿಂದಿನ ಗಾಡಿ ಬಸ್ಸಿನಿಂದ 20 ಮೀಟರ್ ದೂರದಲ್ಲೇ ನಿಲ್ಲಬೇಕು ಅಂತ ಅಳತೆ ಕೂಡ ಬರೆದಿದ್ದಾರೆ. ಹಳದಿ ಬಣ್ಣವೂ ಅಲ್ಲಿ ಸುಮ್ನೆ ಬಂದದ್ದಲ್ಲ. 1939ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಸೈರ್ ಅನ್ನುವವರು ಸಭೆ ಕರೆದು, ಬೆಳಗಿನ ಮಬ್ಬಿನಲ್ಲೂ ಕಪ್ಪು ಅಕ್ಷರ ಎದ್ದು ಕಾಣುವ ಬಣ್ಣ ಯಾವುದು ಅಂತ ನೋಡಿ ಆರಿಸಿದ್ದು. ನಮ್ಮ ಬಸ್ಸುಗಳಿಗೂ ಹಳದಿ ಬಳಿದಿದ್ದೇವೆ. ಬಣ್ಣ ಕಂಡರೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಅಲ್ಲಿ ಎಲ್ಲರೂ ಸತ್ಯಹರಿಶ್ಚಂದ್ರರು ಅಂತ ತಿಳಿಯಬೇಡಿ. ಅಲ್ಲಿಯೂ ನಿಂತ ಬಸ್ಸು ದಾಟಿ ಹೋಗುವವರು ಬಹಳ. ಬಸ್ ಡ್ರೈವರುಗಳು ಒಂದು ದಿನ ಎಣಿಸಿದ ಲೆಕ್ಕದ ಮೇಲೆ ದೇಶಕ್ಕೆಲ್ಲ ಅಂದಾಜು ಮಾಡಿ ಒಂದು ಶಾಲಾ ವರ್ಷಕ್ಕೆ ಸುಮಾರು 4 ಕೋಟಿ ಸಲ ಅಂತ ಹೇಳಿದ್ದಾರೆ. ಅದಕ್ಕೇ ಈಗ ಬಸ್ಸಿನ ಮಗ್ಗುಲಿಗೇ ಕ್ಯಾಮೆರಾ ಕೂರಿಸುತ್ತಿದ್ದಾರೆ, ದಾಟಿದವನ ನಂಬರ್ ಪ್ಲೇಟ್ ಹಿಡಿಯಲು. ಕಾಯ್ದೆ ಬರೆದರೆ ಮುಗಿಯಲಿಲ್ಲ, ಸರಿ. ಆದರೆ ಬರೆಯದೇ ಇದ್ದರೆ ಶುರುವೇ ಆಗುವುದಿಲ್ಲವಲ್ಲ.

ಅಮೆರಿಕಾದವರಿಗೆ ಇಲ್ಲದ ಒಂದು ತೊಂದರೆ ನಮಗಿದೆ. ಕಬ್ಬಿನ ಟ್ರ್ಯಾಕ್ಟರ್. ಈ ಭಾಗದಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ. ಹಂಗಾಮು ಶುರುವಾಯ್ತು ಅಂದರೆ ಮುಧೋಳ, ಜಮಖಂಡಿ, ಮಹಾಲಿಂಗಪುರ, ಯಾವ ರಸ್ತೆ ಹಿಡಿದರೂ ಹಗಲು ರಾತ್ರಿ ಅದೇ ಸಾಲು. ಒಂದು ಎಂಜಿನ್ನಿಗೆ ಎರಡು ಡಬ್ಬಿ, ಅಂದರೆ ಟ್ರೇಲರ್. ಮನೆ ಎತ್ತರಕ್ಕೆ ಲೋಡು. ಮಗ್ಗುಲಿಗೆಲ್ಲ ಕಬ್ಬು ಚಾಚಿಕೊಂಡಿರುತ್ತದೆ. ಮೇಲೆ ಹಾಡು, ಎಷ್ಟು ಜೋರು ಅಂದರೆ ಹಿಂದೆ ನೀವು ಹಾರ್ನ್ ಹೊಡೆದದ್ದು ಅವನಿಗಲ್ಲ, ನಿಮಗೇ ಕೇಳುವುದಿಲ್ಲ.

ಆ ಹುಡುಗರನ್ನು ಬೈದು ಬರೆಯಬೇಕು ಅಂತ ಕೂತಿದ್ದೆ. ಆದರೆ ಅವರೆಲ್ಲ ನನ್ನ ಗಿರಾಕಿಗಳು, ದಿನಾ ಟಾಯರ್ ಬಿಚ್ಚಿ ಕೊಡುತ್ತೇನೆ, ಅವರ ಕಷ್ಟವೂ ಗೊತ್ತು. ಒಬ್ಬನನ್ನು ಕೂರಿಸಿಕೊಂಡು ಕೇಳಿದೆ, ‘ಶಾಲಿ ಬಸ್ ನಿಂತಾಗ ಒಂದೀಟು ನಿಲ್ಲಾಕ ಏನ್ ಧಾಡಿ?’ ಅವನು ಹೇಳಿದ, ‘ಕಾಕಾ, ಬ್ರೇಕ್ ಎಂಜಿನ್ನಿಗಷ್ಟ ಐತಿ, ಡಬ್ಬಿಗಿಲ್ಲ. ಗಪ್ಪನ ಬ್ರೇಕ್ ಹೊಡದ್ರ ಹಿಂದಿನ ಡಬ್ಬಿ ನನ್ ಮ್ಯಾಲ ಬರತೈತಿ.’ ಅದೂ ಖರೆಯೇ. ಬಹಳಷ್ಟು ಡಬ್ಬಿಗಳಿಗೆ ಬ್ರೇಕೇ ಇರುವುದಿಲ್ಲ. ಅಷ್ಟು ಟನ್ ಭಾರ ಹಿಂದಿನಿಂದ ನೂಕುತ್ತಿರುವಾಗ ಮುಂದಿನ ಎಂಜಿನ್ ಒಂದೇ ಅದನ್ನು ತಡೆಯಬೇಕು. ಇಳಿಜಾರಿದ್ದರೆ ಕೇಳಲೇಬೇಡಿ. ಅಂದ ಮೇಲೆ ಅವನಿಗೆ ನಿಲ್ಲಲು ಎಲ್ಲರಿಗಿಂತ ಜಾಸ್ತಿ ದೂರ ಬೇಕು, ಮುಂಚೆಯೇ ಗೊತ್ತಾಗಬೇಕು. ಬಸ್ಸು ನಿಂತ ಮೇಲೆ ಕೈ ಮಾಡಿದರೆ ಪ್ರಯೋಜನ ಇಲ್ಲ. ಅಮೆರಿಕಾದವರು ಮೊದಲು ಹಳದಿ ದೀಪ, ಆಮೇಲೆ ಕೆಂಪು ಅಂತ ಎರಡು ಮಾಡಿದ್ದು ಇದಕ್ಕೇ ಇರಬೇಕು ಅಂತ ನನಗೆ ಆಗ ಅರ್ಥ ಆಯ್ತು.

2024ರ ಜನವರಿಯಲ್ಲಿ ಜಮಖಂಡಿ ತಾಲ್ಲೂಕಿನ ಆಲಗೂರ ಹತ್ತಿರ ಶಾಲಾ ಬಸ್ಸು, ಟ್ರ್ಯಾಕ್ಟರ್ ಡಿಕ್ಕಿಯಾಗಿ ನಾಲ್ವರು ವಿದ್ಯಾರ್ಥಿಗಳು ಹೋದದ್ದು ನಿಮ್ಮ ಓದುಗರಿಗೆ ನೆನಪಿರಬಹುದು. ಅದು ನಿಂತ ಬಸ್ಸಿನ ವಿಷಯ ಅಲ್ಲ, ರಾತ್ರಿ ಶಾಲೆಯ ಕಾರ್ಯಕ್ರಮ ಮುಗಿಸಿ ಬರುವಾಗ ಆದದ್ದು. ಎರಡನ್ನೂ ಕಲಸಲು ನನಗೆ ಇಷ್ಟ ಇಲ್ಲ. ಆದರೆ ಈ ಭಾಗದ ರಸ್ತೆಯಲ್ಲಿ ಹಳದಿ ಬಸ್ಸೂ ಕಬ್ಬಿನ ಟ್ರ್ಯಾಕ್ಟರೂ ಒಂದೇ ಹೊತ್ತಿಗೆ ಓಡಾಡುತ್ತವೆ ಅನ್ನುವುದನ್ನು ಆಮೇಲೂ ನಾವು ಮರೆತು ಕೂತರೆ ಹೇಗೆ?

ಬಸ್ಸಿನವರ ತಪ್ಪನ್ನೂ ಹೇಳಬೇಕು, ಇಲ್ಲದಿದ್ದರೆ ಏಕಪಕ್ಷ ಆಗುತ್ತದೆ. ಮೊಮ್ಮಗಳ ಶಾಲೆಯ ಹೆಸರು ಬೇಡ. ಆ ಬಸ್ಸಿನಲ್ಲಿ ಒಬ್ಬ ಅಕ್ಕ ಇದ್ದಾರೆ, ಬಾಗಿಲು ತೆರೆದು ಮಕ್ಕಳ ಬ್ಯಾಗು ಕೆಳಗೆ ಕೊಟ್ಟು ಬಾಗಿಲು ಹಾಕುತ್ತಾರೆ. ತಾವು ಇಳಿಯುವುದಿಲ್ಲ. ಇಳಿಯಿರಿ ಅಂತ ಅವರಿಗೆ ಯಾರೂ ಹೇಳಿಲ್ಲವಂತೆ. ಕೊನೆಯ ಮಗು ಇಳಿದದ್ದೇ ಡ್ರೈವರ್ ಗಾಡಿ ಬಿಡುತ್ತಾನೆ, ಮಗು ಇನ್ನೂ ಮೂತಿ ಮುಂದೆ ಇದ್ದರೂ ಎಂಜಿನ್ ರೇಸ್ ಮಾಡುತ್ತಾನೆ. ಆಮೇಲೆ ನಾನು ಕೇಳಿದ್ದು ಇನ್ನೊಂದು. ಬಸ್ಸು ಇಲ್ಲಿಂದ ಮುಂದೆ ಮೂರು ಹಳ್ಳಿಗೆ ಹೋಗಿ, ಖಾಲಿಯಾಗಿ ಇದೇ ರಸ್ತೆಯಲ್ಲಿ ಮುಧೋಳಕ್ಕೆ ವಾಪಸ್ ಬರುತ್ತದೆ. ನಮ್ಮ ಮಕ್ಕಳನ್ನು ಹೋಗುವಾಗ ಇಳಿಸದೇ ಬರುವಾಗ ಇಳಿಸಿದರೆ ಊರಿನ ಮಗ್ಗುಲಿಗೇ ಇಳಿಯುತ್ತವೆ, ರಸ್ತೆ ದಾಟುವುದೇ ಬೇಡ. ಒಂದು ಪೈಸೆ ಖರ್ಚಿಲ್ಲ. ಡ್ರೈವರ್ ಒಪ್ಪಿದ. ಶಾಲೆಯವರು ನೋಡೋಣ ಅಂದರು. ಬೇಡ ಅಂದವರು ಯಾರು ಗೊತ್ತೇ? ನಮ್ಮೂರ ತಂದೆ ತಾಯಂದಿರು. ಮಕ್ಕಳಿಗೆ ಇಪ್ಪತ್ತೈದು ನಿಮಿಷ ತಡ ಆಗುತ್ತದೆ, ಹಸಿದಿರುತ್ತವೆ, ಟ್ಯೂಷನ್ನಿಗೆ ಹೋಗಬೇಕು. ಅದರಲ್ಲಿ ನನ್ನ ಸೊಸೆಯೂ ಒಬ್ಬಳು. ಮನೆಯಲ್ಲಿ ಈ ಮಾತು ತೆಗೆದು ಎರಡು ದಿನ ನನಗೆ ಚಹಾ ಸಿಗಲಿಲ್ಲ. ಈಗ ಒಂದು ಡಬ್ಬಿಯಲ್ಲಿ ಚುರುಮುರಿ ಕಟ್ಟಿಕೊಡೋಣ ಅನ್ನುವ ತನಕ ಮಾತು ಬಂದಿದೆ.

ಹಾಗಾಗಿ ನನ್ನ ಬೇಡಿಕೆ ಯಾರ ಯಾರಿಗೆ ಅಂತ ಹೇಳಿಬಿಡುತ್ತೇನೆ. ದೊಡ್ಡದು ಸರಕಾರಕ್ಕೆ. ಕೆಂಪು ದೀಪ ಹಾಕಿ ನಿಂತ ಶಾಲಾ ಬಸ್ಸಿನ ಎರಡೂ ಕಡೆ ಗಾಡಿ ನಿಲ್ಲಬೇಕು ಅಂತ ನಿಯಮ ಬರಲಿ, ಬಸ್ಸಿಗೆ ಆ ದೀಪ, ಆ ಫಲಕ ಕಡ್ಡಾಯ ಆಗಲಿ. ನಮ್ಮ ಶಾಸಕರು, ಸಂಸದರು ಇದನ್ನು ಒಂದು ಸಲ ಎದ್ದು ನಿಂತು ಕೇಳಲಿ. ಅದು ಬರಲು ವರ್ಷಗಳೇ ಹಿಡಿಯಬಹುದು, ಗೊತ್ತು. ಅಲ್ಲಿ ತನಕ ಸುಮ್ನೆ ಕೂರಬೇಕಾಗಿಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ. ಆ ಸಮಿತಿ ಶಾಲೆಯವರನ್ನೂ ಸಕ್ಕರೆ ಕಾರ್ಖಾನೆಯವರನ್ನೂ ಒಂದೇ ದಿನ ಒಂದೇ ಕೋಣೆಯಲ್ಲಿ ಕೂರಿಸಲಿ. ಬೇರೆ ಬೇರೆ ಕರೆದರೆ ಒಬ್ಬರ ಮೇಲೊಬ್ಬರು ಹಾಕಿ ಎದ್ದು ಹೋಗುತ್ತಾರೆ. ಬಸ್ಸು ನಿಲ್ಲುವ ನೂರು ಮೀಟರ್ ಮುಂಚೆಯೇ ಡ್ರೈವರ್ ನಾಲ್ಕೂ ಇಂಡಿಕೇಟರ್ ಹಾಕಲಿ. ಜೊತೆಗಿರುವ ಅಕ್ಕ ಕೆಂಪು ಬಾವುಟ ಹಿಡಿದು ಮೊದಲು ತಾನು ಇಳಿಯಲಿ, ಮಕ್ಕಳು ದಾಟಿದ ಮೇಲೆ ಹತ್ತಲಿ. ಬಾವುಟಕ್ಕೆ ಐವತ್ತು ರೂಪಾಯಿ ಆಗಲಿಕ್ಕಿಲ್ಲ. ಕಾರ್ಖಾನೆಯವರು ಪ್ರತಿ ಹಂಗಾಮಿಗೂ ಡಬ್ಬಿ ಹಿಂದೆ ರಿಫ್ಲೆಕ್ಟರ್ ಹಚ್ಚಿಸುತ್ತಾರೆ, ಅದೇ ಹೊತ್ತಿಗೆ ಡ್ರೈವರುಗಳಿಗೆ ಈ ಒಂದು ಮಾತೂ ಹೇಳಲಿ: ನಾಲ್ಕರಿಂದ ಐದೂವರೆ ತನಕ ಕ್ರಾಸು ಬಂದರೆ ಗೇರ್ ಇಳಿಸು, ಹಾಡು ಬಂದ್ ಮಾಡು. ಹಾಡು ಬಂದ್ ಮಾಡಿದರೆ ಅರ್ಧ ಕೆಲಸ ಆಯ್ತು.

ಕೆಲವರು ಹೇಳುತ್ತಾರೆ, ಸ್ಪೀಡ್ ಬ್ರೇಕರ್ ಹಾಕಿಬಿಟ್ಟರೆ ಆಯ್ತಲ್ಲ, ಇಷ್ಟೆಲ್ಲ ಯಾಕೆ? ನಮ್ಮ ಕ್ರಾಸಿನಲ್ಲಿ ಈಗಾಗಲೇ ಒಂದಿದೆ. ಲೋಡಿನ ಡಬ್ಬಿ ಅದರ ಮೇಲೆ ಹಾಯುವಾಗ ಕಬ್ಬು ಉದುರುತ್ತದೆ, ಆ ಕಬ್ಬು ಹೆಕ್ಕಲು ಅದೇ ಮಕ್ಕಳು ರಸ್ತೆ ನಡುವೆ ಓಡುತ್ತವೆ. ಅದರ ಬಗ್ಗೆ ಇನ್ನೊಂದು ಪತ್ರ ಬೇಕಾಗುತ್ತದೆ.

ಇನ್ನು ಕೆಲವರು, ಇಷ್ಟು ಕಡೆ ನಿಂತರೆ ನಾವು ಮುಟ್ಟುವುದು ಯಾವಾಗ ಅನ್ನುತ್ತಾರೆ. ಮುಧೋಳದಿಂದ ಲೋಕಾಪುರದ ತನಕ ನಿಮ್ಮ ಮುಂದೆ ಶಾಲಾ ಬಸ್ಸು ಐದು ಸಲ ನಿಂತಿತು ಅಂತ ಇಟ್ಟುಕೊಳ್ಳಿ. ಮುಕ್ಕಾಲು ನಿಮಿಷದ ಹಾಗೆ ಐದು ಸಲ ಅಂದರೆ ನಾಲ್ಕು ನಿಮಿಷದೊಳಗೆ. ಹಾಗೆ ಅವಸರ ಮಾಡಿ ಬಂದವರು ನನ್ನ ಪಕ್ಕದ ಚಹಾದಂಗಡಿಯಲ್ಲಿ ಗಾಡಿ ನಿಲ್ಲಿಸಿ ಅರ್ಧ ತಾಸು ರಾಜಕೀಯ ಮಾತಾಡುವುದನ್ನು ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ.

ಈಗ ಸಂಜೆ ನಾಲ್ಕೂವರೆಗೆ ನಾನೇ ಕೆಲಸ ಬಿಟ್ಟು ಏಳುತ್ತೇನೆ. ಹಳೆಯ ಕೆಂಪು ಟವೆಲ್ ಒಂದನ್ನು ಕೋಲಿಗೆ ಕಟ್ಟಿದ್ದೇನೆ. ಚಹಾದಂಗಡಿಯ ಹುಡುಗ ಆ ಕಡೆ, ನಾನು ಈ ಕಡೆ. ಇಬ್ಬರೂ ಅಡ್ಡ ನಿಂತರೆ ನಿಲ್ಲುತ್ತಾರೆ, ಬೈದುಕೊಂಡಾದರೂ. ನಮಗೆ ಆ ಅಧಿಕಾರ ಯಾರೂ ಕೊಟ್ಟಿಲ್ಲ, ನಾಳೆ ಯಾರಾದರೂ ‘ನೀ ಯಾರು ರಸ್ತಾ ಬಂದ್ ಮಾಡಾಂವ?’ ಅಂದರೆ ನನ್ನ ಹತ್ತಿರ ಉತ್ತರ ಇಲ್ಲ. ಗಾಲಿ ಬಿಚ್ಚಿಟ್ಟು ಏಳುತ್ತೇನೆ ಅಂತ ಗಿರಾಕಿಗಳೂ ಗೊಣಗುತ್ತಾರೆ. ನಮ್ಮ ಕ್ರಾಸು ಒಂದಾಯ್ತು, ಮುಂದಿನ ಕ್ರಾಸಿನಲ್ಲಿ ಪಂಕ್ಚರ್ ಅಂಗಡಿ ಇಲ್ಲ.

ಕೊನೆಗೆ ಒಂದು ವಿನಂತಿ. ಈ ಪತ್ರವನ್ನು ಸಂಪಾದಕೀಯ ಪುಟದಲ್ಲಿ ಹಾಕಬೇಡಿ, ಜಿಲ್ಲಾ ಪುಟದಲ್ಲಿ, ಕಬ್ಬಿನ ಸುದ್ದಿಯ ಪಕ್ಕ ಹಾಕಿ. ಟ್ರ್ಯಾಕ್ಟರ್ ಹುಡುಗರು ಚಹಾದಂಗಡಿಯಲ್ಲಿ ನಿಮ್ಮ ಪೇಪರನ್ನೇ ಓದುತ್ತಾರೆ, ಆದರೆ ಅವರು ನೋಡುವುದು ಆ ಪುಟ ಒಂದೇ. ಸಂಪಾದಕೀಯ ಪುಟದಲ್ಲಿ ಅಂಗಡಿಯವನು ಬೆಳಿಗ್ಗೆಯೇ ಮಿರ್ಚಿ ಭಜಿ ಕಟ್ಟಿ ಕೊಟ್ಟುಬಿಡುತ್ತಾನೆ.

ಇಂತಿ ನಿಮ್ಮ ಓದುಗ,
ಒಬ್ಬ ಪಂಕ್ಚರ್ ಅಂಗಡಿಯವ,
ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ